ಬೋರ್ಡೋ ವೈನ್ ಕೊಳ್ಳುವ ಮುಂಚೆ
ಫ್ರಾನ್ಸ್‌ನ ಬೋರ್ಡೋದಲ್ಲಿ ಲಾಫಿಟ್, ಲಾಟೂರ್, ಮಾರ್ಗೋ ಎಂಬ ವೈನ್ ತೋಟಗಳಿಗೆ ಮೊದಲ ದರ್ಜೆ ಸಿಕ್ಕಿದ್ದು 1855ರಲ್ಲಿ. ದಲ್ಲಾಳಿಗಳು ಆಗ ಮುಖ್ಯವಾಗಿ ನೋಡಿದ್ದು ಮಾರುಕಟ್ಟೆ ಬೆಲೆಯನ್ನೇ. ಆಮೇಲೆ ಆ ದರ್ಜೆಗೆ ಏರಿದ್ದು 1973ರಲ್ಲಿ, ಮೂಟೋನ್ ರಾಥ್‌ಶೀಲ್ಡ್ ಒಂದೇ. ಅಂದರೆ ಇವತ್ತು ನಾವು ಕೊಡುವ ದುಡ್ಡಿನಲ್ಲಿ ಹಳೇ ಹೆಸರಿನ ಪಾಲೇ ಜಾಸ್ತಿ, ಅಲ್ವಾ? ವೈನ್ ಚೆನ್ನಾಗಿಯೇ ಇರುತ್ತದೆ. ಆದರೆ ಐದು ಪಟ್ಟು ಬೆಲೆಗೆ ಐದು ಪಟ್ಟು ರುಚಿ ಸಿಗುವುದಿಲ್ಲ.

ಸುಮ್ನೆ ಲೇಬಲ್ ಹಿಂದೆ ಓಡಬೇಡಿ. ಲಾಟೂರ್ ಇರುವ ಪೋಯಾಕ್ ಊರಿನದೇ ಇನ್ನೊಂದು ತೋಟ ಲಿಂಚ್ ಬಾಜ್ ನೋಡಿ. 1855ರ ಪಟ್ಟಿಯಲ್ಲಿ ಐದನೇ ದರ್ಜೆ, ಲೋಟದಲ್ಲಿ ಖಂಡಿತ ಅಲ್ಲ. ಬಜೆಟ್ ಇನ್ನೂ ಕಡಿಮೆಯಿದ್ದರೆ, 2016ರಂಥ ಒಳ್ಳೆ ವರ್ಷದ 'ಕ್ರೂ ಬೂರ್ಜ್ವಾ' (ಆ ಪಟ್ಟಿಯ ಹೊರಗಿನ ತೋಟಗಳಿಗೆ ಕೊಡುವ ಬೇರೆ ದರ್ಜೆ) ಸಾಕು.

ಹಳೇ ಬಾಟಲಿಯಾದರೆ ಬೆಳಕಿಗೆ ಹಿಡಿದು ವೈನ್ ಮಟ್ಟ ನೋಡಿ. ಕತ್ತು ದಾಟಿ ಭುಜದ ಕೆಳಗಿಳಿದಿದ್ದರೆ ಗಾಳಿ ಹೊಕ್ಕಿರುವ ಸಾಧ್ಯತೆ ಹೆಚ್ಚು. ಎಷ್ಟೇ ದೊಡ್ಡ ಹೆಸರಿದ್ದರೂ ಬಿಟ್ಟುಬಿಡಿ.