ರಾತ್ರಿ ಮೂರು ಗಂಟೆಯ ಮೀಟರ್

ಊರು ಬೆಳೆದಿದೆ, ನೀರು ಸಾಲುತ್ತಿಲ್ಲ, ನದಿಯಿಂದ ಇನ್ನೊಂದು ಕೊಳವೆ ಎಳೆಯಬೇಕು. ನಮ್ಮ ಸಭೆಗಳೆಲ್ಲ ಮುಗಿಯುತ್ತಿದ್ದದ್ದೇ ಹೀಗೆ. ಈಗ ಬರುತ್ತಿರುವ ನೀರು ಎಲ್ಲಿಗೆ ಹೋಗುತ್ತಿದೆ ಅಂತ ಮೊದಲು ನೋಡೋಣ ಅಂದೆ. ಸಲಹೆಗಾರರೊಬ್ಬರು ನಕ್ಕುಬಿಟ್ಟರು: "ಸೋರಿಕೆ ಎಲ್ಲಾ ಕಡೆ ಇದ್ದದ್ದೇ ಸಾರ್, ಅದರ ಹಿಂದೆ ಬಿದ್ದವರು ಉದ್ಧಾರ ಆದದ್ದು ನಾನಂತೂ ಕಂಡಿಲ್ಲ." ಕಾಂಬೋಡಿಯಾದ ನಾಮ್ ಪೆನ್ ನಗರ 1993ರಲ್ಲಿ ನೂರಕ್ಕೆ 72ರಷ್ಟು ನೀರಿಗೆ ಲೆಕ್ಕವೇ ಇಲ್ಲದೆ ಕೂತಿತ್ತು, ಆಮೇಲೆ ಅದನ್ನು ಒಂದಂಕಿಗೆ ಇಳಿಸಿತು ಅಂದೆ. "ಅದು ಅಲ್ಲಿ" ಅಂದರು. ಮಾತು ಅಲ್ಲಿಗೇ ನಿಂತಿತು.

ಕೊನೆಗೆ ನನ್ನ ಕೈಗೆ ಕೊಟ್ಟದ್ದು ಒಂದೇ ವಲಯ. ಒಂದು ಓವರ್‌ಹೆಡ್ ಟ್ಯಾಂಕ್, ಸುಮಾರು 2,100 ನಲ್ಲಿ ಸಂಪರ್ಕ. ಹಣ ಅಂದರೆ ಹೊಸ ಕೊಳವೆಯ ಅಂದಾಜಿನಲ್ಲಿ ನೂರಕ್ಕೆ ಒಂದು ಭಾಗವೂ ಇಲ್ಲ. ಅದರಲ್ಲೂ ಅರ್ಧದಷ್ಟನ್ನು ಪಕ್ಕದ ವಲಯಗಳ ನೀರು ತಡೆಯುವ ಗಡಿ ವಾಲ್ವ್‌ಗಳೇ ನುಂಗಿದವು. ವಲಯದೊಳಗೆ ಹೋಗುವ ಒಟ್ಟು ನೀರನ್ನು ಅಳೆಯುವ ಬಲ್ಕ್ ಮೀಟರ್‌ಗೆ ಉಳಿದದ್ದು ಅಷ್ಟಕ್ಕಷ್ಟೇ. ಅದನ್ನೂ ಮೊದಲ ಸಲ ಕೊಳವೆ ತಿರುಗುವ ಬೆಂಡ್‌ಗೆ ತೀರಾ ಹತ್ತಿರ ಕೂರಿಸಿಬಿಟ್ಟಿದ್ದೆ. ರೀಡಿಂಗ್ ಕುಣಿದಾಡಿತು. ಕಿತ್ತು ಮತ್ತೆ ಕೂರಿಸಿದ ಖರ್ಚನ್ನು ಕಡತದಲ್ಲಿ "ನಿರ್ವಹಣೆ" ಅಂತ ಬರೆದಿದ್ದೇನೆ, ಯಾರೂ ಕೇಳಿಲ್ಲ.

ಮೂರು ತಿಂಗಳು ತಿಂದದ್ದು ವಲಯ ಬೇರ್ಪಡಿಸುವ ಕೆಲಸ. ಗಡಿ ವಾಲ್ವ್ ಎಲ್ಲ ಮುಚ್ಚಿ, ಟ್ಯಾಂಕಿನ ಔಟ್‌ಲೆಟ್ ಮುಚ್ಚಿ, ಒಳಗಿನ ಒತ್ತಡ ಸೊನ್ನೆಗೆ ಇಳಿಯಬೇಕು ತಾನೇ? ಗೇಜ್ 8 ಮೀಟರ್‌ಗೆ, ಅಂದರೆ ಅಷ್ಟು ಎತ್ತರದ ನೀರಿನ ಒತ್ತಡಕ್ಕೆ, ಬಂದು ನಿಂತುಬಿಟ್ಟಿತು. ನಕ್ಷೆಯಲ್ಲಿಲ್ಲದ ಕೊಂಡಿ ಹುಡುಕುತ್ತ ಐದು ಕಡೆ ರಸ್ತೆ ಅಗೆಸಿದೆ. ಸಿಕ್ಕಿದ್ದು ಮಣ್ಣು, ಜೊತೆಗೆ ಬೈಗುಳ. ಕೊನೆಗೆ ನಮ್ಮ ಹಳೇ ನೀರುಗಂಟಿಯೇ ಗುಟ್ಟು ಬಿಟ್ಟುಕೊಟ್ಟ. "ಸಾರ್, ಆ ಮೂಲೆ ವಾಲ್ವ್ ಉಲ್ಟಾ. ಎಡಕ್ಕೆ ತಿರುಗಿಸಿದ್ರೆ ಮುಚ್ಚುತ್ತೆ." ಇಷ್ಟು ವರ್ಷ ಬಂದ ಇಂಜಿನಿಯರ್‌ಗಳೆಲ್ಲ ಬಲಕ್ಕೆ ಬಿಗಿದು "ಮುಚ್ಚಿದೆ" ಅಂತ ಬರೆದು ಹೋಗಿದ್ದರು. ವಾಲ್ವ್ ಬಾಯಿ ತೆರೆದೇ ಇತ್ತು. ಸ್ಪಿಂಡಲ್ ಮೇಲೆ ಡಾಂಬರು ಗಟ್ಟಿಯಾಗಿತ್ತು, ಉಳಿಯಿಂದ ಕೆತ್ತಿ ಕೀ ಹಾಕಿ ಎಡಕ್ಕೆ 22 ಸುತ್ತು ಎಣಿಸಿದೆವು. ಕೊನೆಯ ಮೂರು ಸುತ್ತಲ್ಲಿ ಕೊಳವೆಯೊಳಗಿನ ಸುಯ್ ಅನ್ನೋ ಸದ್ದು ಸಣ್ಣಗಾಗುತ್ತ ನಿಂತೇ ಹೋಯಿತು. ಗೇಜ್ ಸೊನ್ನೆ. ಅವತ್ತು ಊಟ ಸೇರಲಿಲ್ಲ, ಖುಷಿಗೆ.

ದಿನ ಬಿಟ್ಟು ದಿನ ಎರಡು ಗಂಟೆ ಬಿಡುತ್ತಿದ್ದ ನೀರನ್ನು ಈ ವಲಯಕ್ಕೆ ನಿರಂತರ ಬಿಟ್ಟೆ. ಮೊದಲ ದಿನವೇ ಪೆಟ್ಟು ತಿಂದೆ. ಆತುರಕ್ಕೆ ವಾಲ್ವ್ ಬೇಗ ತೆಗೆಸಿದ್ದರಿಂದ ಹಳೆಯ ಎ.ಸಿ. (ಆಸ್ಬೆಸ್ಟಾಸ್ ಸಿಮೆಂಟ್) ಕೊಳವೆಯಲ್ಲಿ ಮೂರು ಜಾಯಿಂಟ್ ಹಾರಿದವು. ಗಾಳಿ ಹೊರಗೆ ಹೋಗಲು ಟೈಮ್ ಕೊಡದೆ ತುಂಬಿಸಬಾರದು ಅನ್ನೋದು ನನಗೆ ಗೊತ್ತಿರಲಿಲ್ಲ ಅಂತಲ್ಲ. ಮೇಲಿನವರು ನೋಡಲು ಬಂದಿದ್ದರು, ಅಷ್ಟೇ. ಈಗ ಖಾಲಿ ಲೈನ್ ತುಂಬಿಸಲು ಒಂದಿಡೀ ರಾತ್ರಿ ತೆಗೆದುಕೊಳ್ಳುತ್ತೇನೆ. ಯಾವ ವಾಲ್ವ್ ಮೊದಲು, ಯಾವುದು ಆಮೇಲೆ ಅನ್ನೋ ಕ್ರಮ ನನ್ನ ಡೈರಿಯಲ್ಲೇ ಇರಲಿ.

ಆಮೇಲೆ ಮೂರು ಗಂಟೆಯ ರೀಡಿಂಗ್. ದಿನಕ್ಕೆ ಒಟ್ಟು 25 ಲಕ್ಷ ಲೀಟರ್ ಒಳಗೆ ಹೋಗುತ್ತಿತ್ತು, ಊರೆಲ್ಲ ಮಲಗಿರುವಾಗ ಗಂಟೆಗೆ 70 ಸಾವಿರ! ಅಷ್ಟೂ ಸೋರಿಕೆಯೇ ಅಂತ ವರದಿ ಬರೆದುಬಿಟ್ಟೆ. ಅದು ತಪ್ಪು. ಸೋರಿಕೆಯ ಸದ್ದು ಕೇಳುವ ಕೋಲು ಕಿವಿಗಿಟ್ಟುಕೊಂಡು ಬೀದಿ ಸುತ್ತಿದರೆ ಸದ್ದು ಬರುತ್ತಿದ್ದದ್ದು ಕೊಳವೆಯಿಂದಲ್ಲ, ಮನೆ ಕಾಂಪೌಂಡ್ ಒಳಗಿನಿಂದ. ಎಷ್ಟೋ ಸಂಪ್‌ಗಳಿಗೆ ತುಂಬಿದಾಗ ನೀರು ತಾನೇ ನಿಲ್ಲಿಸುವ ಫ್ಲೋಟ್ ವಾಲ್ವೇ ಇಲ್ಲ, ಇದ್ದವೂ ಮುರಿದಿವೆ. ಎರಡು ಗಂಟೆ ನೀರು ಬರುವ ಕಾಲದಲ್ಲಿ ಯಾರಿಗೆ ಬೇಕಿತ್ತು ಅದು? ನೀರು ಉಕ್ಕಿ ಚರಂಡಿ ಸೇರುತ್ತಿತ್ತು. ಒಂದಿಷ್ಟು ಫ್ಲೋಟ್ ನಾವೇ ಹಾಕಿಸಿದೆವು, ಉಳಿದವರು ಮೀಟರ್ ಬಿಲ್ ಕೈಗೆ ಬಂದ ಮೇಲೆ ತಾವೇ ಹಾಕಿಕೊಂಡರು. ರಾತ್ರಿಯ ಹರಿವು 50 ಸಾವಿರದ ಹತ್ತಿರಕ್ಕೆ ಇಳಿಯಿತು. ಅಲ್ಲಿಂದ ಕೆಳಗಿನದ್ದು ನಿಜವಾದ ಸೋರಿಕೆ. ಅದರಲ್ಲಿ ಮುಕ್ಕಾಲು ಪಾಲು ಸಿಕ್ಕಿದ್ದು ದೊಡ್ಡ ಕೊಳವೆಯಲ್ಲಿ ಅಲ್ಲ, ಮನೆ ಸಂಪರ್ಕವನ್ನು ಅದಕ್ಕೆ ಸೇರಿಸುವ ಸ್ಯಾಡಲ್ ಅನ್ನೋ ಪಟ್ಟಿಯ ಹತ್ತಿರ.

ಈ ಮಧ್ಯೆ ಮೈಕು ಅಂಟಿಸಿ ಫೋನಲ್ಲಿ ಸದ್ದು ಹಿಡಿಯುವ ಪ್ರಯೋಗವನ್ನೂ ಮಾಡಿದೆ. ಟ್ರಾನ್ಸ್‌ಫಾರ್ಮರ್ ಗುಂಯ್‌ಗುಟ್ಟುವುದು ಬಿಟ್ಟರೆ ಬೇರೇನೂ ಕೇಳಲಿಲ್ಲ. ಆದರೆ ನೀರಲ್ಲಿ ಕರಗಿದ ಲವಣ ಅಳೆಯುವ ಟಿಡಿಎಸ್ ಪೆನ್ ಮಾತ್ರ ಕೊಟ್ಟ ಕಾಸಿಗೆ ಮೋಸ ಮಾಡಲಿಲ್ಲ. ನಮ್ಮ ನದಿ ನೀರು 150ರ ಆಸುಪಾಸು, ಅಲ್ಲಿನ ಬೋರ್‌ವೆಲ್ ನೀರು 800 ದಾಟುತ್ತೆ. ಚರಂಡಿ ಪಕ್ಕ ಸದಾ ಒಸರುವ ತಿಳಿನೀರಿಗೆ ಪೆನ್ ಅದ್ದಿದರೆ ಅದು ನಮ್ಮದೋ ನೆಲದ್ದೋ ತಿಳಿಯುತ್ತೆ. ಮೊದಲು ಕ್ಲೋರಿನ್ ನೋಡುತ್ತಿದ್ದೆವು. ಮಣ್ಣಲ್ಲಿ ಇಳಿದು ಬರುವಷ್ಟರಲ್ಲಿ ಅದು ಕಳೆದೇಹೋಗಿರುತ್ತೆ, ಪರೀಕ್ಷೆಯಲ್ಲಿ ಕ್ಲೋರಿನ್ ಇದೆ ಅಂತ ತೋರಿಸುವ ಹಳದಿ ಬಣ್ಣ ಬಾರದ್ದಕ್ಕೆ ಎರಡು ಲೀಕ್ ಕೈಬಿಟ್ಟಿದ್ದೆವು.

ಕಡೆಗೆ ಒತ್ತಡ ಇಳಿಸುವ ವಾಲ್ವ್ ಕೂರಿಸಿ ಹಗಲು 22 ಮೀಟರ್, ರಾತ್ರಿ 12 ಮೀಟರ್ ಇಟ್ಟೆ. ಹುಡುಕಲಾಗದ ಸಣ್ಣ ಸೋರಿಕೆಗಳೂ ತಣ್ಣಗಾದವು. ಒಂದೂವರೆ ವರ್ಷದ ಮೇಲೆ ಮೂರು ಗಂಟೆಯ ರೀಡಿಂಗ್ 18 ಸಾವಿರ, ದಿನದ ಒಟ್ಟು 15-16 ಲಕ್ಷ. ಈ ಟ್ಯಾಂಕ್ ತುಂಬಿಸುವ ಪಂಪ್ ಮೊದಲು ದಿನಕ್ಕೆ 22 ಗಂಟೆ ಓಡುತ್ತಿತ್ತು, ಈಗ 14ರಲ್ಲಿ ಮುಗಿಯುತ್ತದೆ. ಹಾಕಿದ ದುಡ್ಡು ಕರೆಂಟ್ ಬಿಲ್ಲಿನಲ್ಲೇ ಎರಡು ವರ್ಷದಲ್ಲಿ ವಾಪಸ್ ಬರುತ್ತೆ ಅನ್ನೋದು ನನ್ನ ಲೆಕ್ಕ. ಲೆಕ್ಕಪತ್ರದವರು ಮೂರು ಅಂತಾರೆ. ಉಳಿದ ಒಂಬತ್ತು ಲಕ್ಷ ಲೀಟರ್ ಪಕ್ಕದ ಹೊಸ ಬಡಾವಣೆಗೆ ಹೋಗುತ್ತಿದೆ, ನದಿಯಿಂದ ಒಂದು ಅಡಿ ಕೊಳವೆಯೂ ಬಂದಿಲ್ಲ.

ನಕ್ಕಿದ್ದ ಸಲಹೆಗಾರರು ಮೊನ್ನೆ ಬಂದು ಡೈರಿ ಕೇಳಿದರು. ಚಹಾ ಕೊಟ್ಟು ಕಳಿಸಿದೆ. ಎರಡನೇ ವಲಯ ಈಗ ನನ್ನ ಕೈಗೆ ಬಂದಿದೆ, ಅಲ್ಲಿ ಗೇಜ್ 3 ಮೀಟರ್‌ಗೆ ಬಂದು ಹಟ ಹಿಡಿದು ನಿಂತಿದೆ. ನೀರುಗಂಟಿ ರಜೆಯಲ್ಲಿದ್ದಾನೆ, ಸೋಮವಾರ ಬರುತ್ತಾನೆ.