ಚಿಕ್ಕ ಲ್ಯಾಪ್‌ಟಾಪ್‌ನ ತೂಕ ಮತ್ತು ವೇಗವನ್ನು ಅಳೆಯುವ ಬಗೆ

ಹದಿಮೂರು ಅಥವಾ ಹದಿನಾಲ್ಕು ಇಂಚಿನ ತೆಳು ಲ್ಯಾಪ್‌ಟಾಪನ್ನು ಅಂಗಡಿಯಲ್ಲಿ ಐದು ನಿಮಿಷ ಮುಟ್ಟಿ ನೋಡಿದರೆ ಅದು ಹಗುರವಾಗಿಯೂ ಚುರುಕಾಗಿಯೂ ಕಾಣುತ್ತದೆ. ಆದರೆ ಅದನ್ನು ದಿನವೂ ಹೆಗಲಿಗೇರಿಸಿಕೊಂಡು ಬಸ್ಸು, ರೈಲು ಹತ್ತುವವರಿಗೆ, ಅದರಲ್ಲೇ ಗಂಟೆಗಟ್ಟಲೆ ದುಡಿಯುವವರಿಗೆ ಬೇಕಾದ ಉತ್ತರ ಆ ಐದು ನಿಮಿಷದಲ್ಲಿ ಸಿಗುವುದಿಲ್ಲ. ತೂಕವನ್ನು ಜೊತೆಗೆ ಒಯ್ಯುವ ಎಲ್ಲ ಸಾಮಾನಿನ ಸಮೇತ ಅಳೆಯಬೇಕು. ವೇಗವನ್ನು ಯಂತ್ರ ಚೆನ್ನಾಗಿ ಬಿಸಿಯಾದ ಮೇಲೆ ಅಳೆಯಬೇಕು.

ಡಬ್ಬಿಯ ಮೇಲೆ ಅಚ್ಚಾಗಿರುವುದು ಬರಿಯ ಯಂತ್ರದ ತೂಕ. ಅದರ ಜೊತೆಗೆ ಚಾರ್ಜರ್, ಅದರ ವೈರು, ಪ್ರೊಜೆಕ್ಟರ್‌ಗೆ ಜೋಡಿಸಲು ಬೇಕಾಗುವ ಅಡಾಪ್ಟರ್, ಇವನ್ನೆಲ್ಲ ಒಟ್ಟಿಗೆ ತಕ್ಕಡಿಗೆ ಹಾಕಿ ನೋಡಿ. ದಿನಸಿ ಅಂಗಡಿಯ ಎಲೆಕ್ಟ್ರಾನಿಕ್ ತಕ್ಕಡಿಯೇ ಸಾಕು. ಯುಎಸ್‌ಬಿ-ಸಿ ಮೂಲಕ ಚಾರ್ಜ್ ಆಗುವ ಲ್ಯಾಪ್‌ಟಾಪ್ ಆದರೆ ಫೋನಿಗೂ ಅದಕ್ಕೂ ಒಂದೇ ಚಾರ್ಜರ್ ಸಾಲುತ್ತದೆ. ಆಗಲೂ ಅದು ಎಷ್ಟು ವ್ಯಾಟ್ ಕೇಳುತ್ತದೆಂದು ನೋಡಿಕೊಳ್ಳಬೇಕು, ಏಕೆಂದರೆ 65 ವ್ಯಾಟ್ ಬೇಡುವ ಯಂತ್ರಕ್ಕೆ ಫೋನಿನ 20 ವ್ಯಾಟ್ ಚಾರ್ಜರ್ ಹಾಕಿದರೆ ಅದು ತೀರ ನಿಧಾನವಾಗಿ ಚಾರ್ಜ್ ಆಗಬಹುದು, ಇಲ್ಲವೇ ಆಗದೆಯೂ ಇರಬಹುದು. ಮುಚ್ಚಳದ ನಡುವೆ ಅಂಗೈಯಿಂದ ಮೆಲ್ಲಗೆ ಒತ್ತಿ ನೋಡುವುದನ್ನೂ ಮರೆಯಬಾರದು. ತುಂಬಿದ ಬಸ್ಸಿನಲ್ಲಿ ಚೀಲದ ಮೇಲೆ ಬೀಳುವ ಒತ್ತಡವನ್ನು ತಾಳಬೇಕಾದದ್ದು ಆ ಭಾಗವೇ.

ಬ್ಯಾಟರಿಯ ವಿಷಯದಲ್ಲಿ ಜಾಹೀರಾತಿನ ಗಂಟೆಗಳನ್ನು ಬದಿಗಿಟ್ಟು ವ್ಯಾಟ್-ಅವರ್ ಲೆಕ್ಕವನ್ನು, ಅಂದರೆ ಬ್ಯಾಟರಿ ಹಿಡಿದಿಡುವ ಶಕ್ತಿಯ ಅಳತೆಯನ್ನು, ಹಿಡಿಯುವುದು ಒಳ್ಳೆಯದು. ಆಪಲ್‌ನ ಎಂ1 ಚಿಪ್ ಇರುವ 2020ರ ಮ್ಯಾಕ್‌ಬುಕ್ ಏರ್‌ನ ಬ್ಯಾಟರಿ 49.9 ವ್ಯಾಟ್-ಅವರ್‌ನದು. 50 ವ್ಯಾಟ್-ಅವರ್ ಬ್ಯಾಟರಿಯಿರುವ ಯಾವುದೇ ಯಂತ್ರ ನಿಮ್ಮ ಕೆಲಸಕ್ಕೆ ಸರಾಸರಿ 7 ವ್ಯಾಟ್ ಉಣ್ಣುತ್ತಿದ್ದರೆ ಸುಮಾರು ಏಳು ಗಂಟೆ ನಡೆಯುತ್ತದೆ, 14 ವ್ಯಾಟ್ ಉಣ್ಣುತ್ತಿದ್ದರೆ ಅದರ ಅರ್ಧ. ಇದನ್ನು ಮನೆಯಲ್ಲೇ ಪರೀಕ್ಷಿಸಬಹುದು: ವೈಫೈ ಹಾಕಿ, ಪರದೆಯ ಬೆಳಕನ್ನು ನಿಮಗೆ ನಿಜವಾಗಿ ಬೇಕಾದಷ್ಟೇ ಇಟ್ಟು, ಒಂದು ಗಂಟೆ ನಿತ್ಯದ ಕೆಲಸ ಮಾಡಿ. ಆ ಒಂದು ಗಂಟೆಯಲ್ಲಿ ಶೇ 12ರಷ್ಟು ಇಳಿದಿದ್ದರೆ ಪೂರ್ಣ ಚಾರ್ಜ್ ಎಂಟು ಗಂಟೆ ಬಾಳುತ್ತದೆಂದು ಹೆಚ್ಚುಕಡಿಮೆ ನಂಬಬಹುದು.

ಇನ್ನು ವೇಗ. ಹೆಚ್ಚು ಜನ ಎಡವುವುದು ಇಲ್ಲಿಯೇ, ಏಕೆಂದರೆ ಪ್ರೊಸೆಸರ್‌ನ ಹೆಸರು ನೋಡಿ ವೇಗವನ್ನು ಊಹಿಸುತ್ತೇವೆ. ಇಂಟೆಲ್‌ನ ಕೋರ್ ಐ7-1255ಯು ಎಂಬ ಪ್ರೊಸೆಸರ್‌ನ ಮೂಲ ವಿದ್ಯುತ್ ಮಿತಿ 15 ವ್ಯಾಟ್, ಆದರೆ ಸ್ವಲ್ಪ ಹೊತ್ತು ಅದು 55 ವ್ಯಾಟ್‌ವರೆಗೆ ಏರಬಲ್ಲದು. ಆ ಏರಿಕೆ ಎಷ್ಟು ಹೊತ್ತು ನಿಲ್ಲುತ್ತದೆ ಎಂಬುದನ್ನು ತೀರ್ಮಾನಿಸುವುದು ಲ್ಯಾಪ್‌ಟಾಪ್ ತಯಾರಕರು ಇಟ್ಟ ಮಿತಿ ಮತ್ತು ಒಳಗಿನ ಶಾಖವನ್ನು ಹೊರಹಾಕುವ ವ್ಯವಸ್ಥೆ. ಹೀಗಾಗಿ ಒಂದೇ ಪ್ರೊಸೆಸರ್ ಎರಡು ಲ್ಯಾಪ್‌ಟಾಪ್‌ಗಳಲ್ಲಿ ಎರಡು ಬಗೆಯಾಗಿ ಓಡುತ್ತದೆ. ಎಂ1 ಏರ್‌ನಲ್ಲಿ ಫ್ಯಾನ್ ಇಲ್ಲ, ಅದೇ ಚಿಪ್ ಇದ್ದ 13 ಇಂಚಿನ ಮ್ಯಾಕ್‌ಬುಕ್ ಪ್ರೊನಲ್ಲಿ ಫ್ಯಾನ್ ಇತ್ತು; ಚಿಕ್ಕ ಕೆಲಸಗಳಲ್ಲಿ ಎರಡೂ ಸರಿಸಮ, ದೀರ್ಘ ಕೆಲಸದಲ್ಲಿ ಪ್ರೊ ಮುಂದೆ.

ಪರೀಕ್ಷೆಗೆ, ಪ್ರೊಸೆಸರ್‌ಗೆ ಭಾರದ ಕೆಲಸ ಕೊಟ್ಟು ಅದರ ವೇಗಕ್ಕೆ ಅಂಕ ಕೊಡುವ ಸಿನೆಬೆಂಚ್‌ನಂಥ ಉಚಿತ ತಂತ್ರಾಂಶ ಸಾಕು. ಮೊದಲು ಒಂದೇ ಸುತ್ತು ಓಡಿಸಿ ಅಂಕವನ್ನು ಬರೆದಿಟ್ಟುಕೊಳ್ಳಿ, ಆಮೇಲೆ ಇಪ್ಪತ್ತು ನಿಮಿಷ ಬಿಡದೆ ಓಡಿಸಿ ಕೊನೆಯ ಅಂಕವನ್ನು ಅದರೊಂದಿಗೆ ಹೋಲಿಸಿ. ಶೇ 10ರಷ್ಟು ಇಳಿದರೆ ನಾನು ಚಿಂತಿಸುವುದಿಲ್ಲ. ಶೇ 35ರಷ್ಟು ಇಳಿದರೆ ವಿಡಿಯೊ ಸಂಕಲನಕ್ಕೋ ದೊಡ್ಡ ಪ್ರೋಗ್ರಾಮ್ ಕಂಪೈಲ್ ಮಾಡುವುದಕ್ಕೋ ಆ ಯಂತ್ರವನ್ನು ನೆಚ್ಚಲಾರೆ, ಆದರೆ ಬರವಣಿಗೆಗೂ ಬ್ರೌಸಿಂಗಿಗೂ ಅದು ಕೊರತೆಯೇ ಅಲ್ಲ. ಇದೇ ಪರೀಕ್ಷೆಯನ್ನು ಚಾರ್ಜರ್ ಕಿತ್ತು ಇನ್ನೊಮ್ಮೆ ಮಾಡಬೇಕು, ಏಕೆಂದರೆ ಹಲವು ವಿಂಡೋಸ್ ಲ್ಯಾಪ್‌ಟಾಪ್‌ಗಳು ಬ್ಯಾಟರಿಯ ಮೇಲೆ ತಾವಾಗಿಯೇ ವೇಗ ತಗ್ಗಿಸಿಕೊಳ್ಳುತ್ತವೆ. ಪ್ರಯಾಣದಲ್ಲಿ ನಿಮಗೆ ಸಿಗುವುದು ಆ ತಗ್ಗಿದ ವೇಗವೇ. ಓಡುತ್ತಿರುವಾಗ ಕೀಬೋರ್ಡಿನ ಮೇಲೂ ಅಡಿಭಾಗದಲ್ಲೂ ಕೈಯಿಟ್ಟು ನೋಡಿ. ತೊಡೆಯ ಮೇಲಿಟ್ಟು ಕೆಲಸ ಮಾಡುವ ಅಭ್ಯಾಸವಿದ್ದರೆ ಅಂಕಕ್ಕಿಂತ ಇದೇ ಮುಖ್ಯ.

ರ್‍ಯಾಮ್ (ನಡೆಯುತ್ತಿರುವ ಕೆಲಸವನ್ನು ಹಿಡಿದಿಡುವ ತಾತ್ಕಾಲಿಕ ಮೆಮೊರಿ) ಬಗ್ಗೆ ಒಂದೇ ಮಾತು: ತೆಳು ಲ್ಯಾಪ್‌ಟಾಪ್‌ಗಳಲ್ಲಿ ಅದನ್ನು ಸಾಮಾನ್ಯವಾಗಿ ಮದರ್‌ಬೋರ್ಡಿಗೇ ಬೆಸೆದಿರುತ್ತಾರೆ, ನಂತರ ಹೆಚ್ಚಿಸಲಾಗದು, ಆದ್ದರಿಂದ 16 ಜಿಬಿಗಿಂತ ಕಡಿಮೆಯದನ್ನು ಕೊಳ್ಳಬೇಡಿ. ಕಡತಗಳನ್ನು ಶೇಖರಿಸಿಡುವ ಎಸ್‌ಎಸ್‌ಡಿಯನ್ನು ಹಲವು ವಿಂಡೋಸ್ ಲ್ಯಾಪ್‌ಟಾಪ್‌ಗಳಲ್ಲಿ ಬದಲಿಸಬಹುದು. ನಿಮ್ಮ ಮಾದರಿಯಲ್ಲಿ ಸಾಧ್ಯವೇ ಎಂದು ಮೊದಲೇ ಕೇಳಿ.

ಅಂಗಡಿಯಲ್ಲಿ ಇಷ್ಟೆಲ್ಲಕ್ಕೂ ಅವಕಾಶ ಸಿಗುವುದಿಲ್ಲ. ಹಣ ಕೊಡುವ ಮೊದಲೇ ಹಿಂದಿರುಗಿಸುವ ನಿಯಮ ಮತ್ತು ಅವಧಿಯನ್ನು ಬರಹದಲ್ಲಿ ಪಡೆದುಕೊಂಡು, ಡಬ್ಬಿಯನ್ನೂ ಬಿಲ್ಲನ್ನೂ ಜೋಪಾನವಾಗಿಟ್ಟು, ಮೊದಲ ಎರಡು ದಿನಗಳಲ್ಲೇ ಈ ಪರೀಕ್ಷೆಗಳನ್ನು ಮುಗಿಸಿಬಿಡಿ.