ನಿಂಬೆ ಚಿಟ್ಟೆ ಕೋಶ ಒಡೆಯುವ ಕ್ಷಣವನ್ನು ವಿಡಿಯೊ ಮಾಡುವುದು ಹೇಗೆ?

ಕರಿಬೇವು, ನಿಂಬೆ ಗಿಡದ ಎಲೆ ಮೇಲೆ ಹಕ್ಕಿ ಹಿಕ್ಕೆಯಂತೆ ಕೂತ ಹುಳು ಹೆಚ್ಚಾಗಿ ನಿಂಬೆ ಚಿಟ್ಟೆಯದ್ದು, ಇಲ್ಲವೇ ಕಾಮನ್ ಮಾರ್ಮನ್ ಎಂಬ ಚಿಟ್ಟೆಯದ್ದು. ಅದು ಬೆಳೆದು ಹಸಿರಾದ ಮೇಲೆ ಕೊಂಬೆ ಸಮೇತ ಒಳಗೆ ತಂದು ಬಲೆಯ ಡಬ್ಬದಲ್ಲಿಡಿ. ಮುಟ್ಟಿದರೆ ತಲೆಯ ಹಿಂದಿಂದ ಕವಲು ಕೊಂಬು ಚಾಚಿ ಗಬ್ಬು ವಾಸನೆ ಬಿಡುತ್ತದೆ, ಅಷ್ಟೇ. ಹೊರಗೇ ಬಿಟ್ಟರೆ ಕೋಶ (ಹುಳು ಚಿಟ್ಟೆಯಾಗಿ ಬದಲಾಗುವ ಪ್ಯೂಪಾ ಹಂತ) ಇನ್ನೂ ಮೆತ್ತಗಿರುವಾಗ ಪುಟಾಣಿ ಕಣಜಗಳು ಒಳಗೆ ಮೊಟ್ಟೆಯಿಡುವ ಅಪಾಯವಿದೆ. ಆಗ ಚಿಟ್ಟೆಯ ಬದಲು ಕಣಜಗಳ ಹಿಂಡು ಹೊರಬರುತ್ತದೆ (ಹಾಗಾದರೂ ಕ್ಯಾಮೆರಾ ಆರಿಸಬೇಡಿ, ಅದೂ ಒಳ್ಳೆಯ ದೃಶ್ಯವೇ).

ಕೋಶವನ್ನು ಕಡ್ಡಿಯಿಂದ ಕೀಳಬೇಡಿ. ಅದು ಬಾಲದ ತುದಿಯಲ್ಲಿ ರೇಷ್ಮೆಯ ಅಂಟಿಗೆ ಸಿಕ್ಕಿಕೊಂಡು, ನಡುವಿಗೆ ರೇಷ್ಮೆಯ ಪಟ್ಟಿ ಕಟ್ಟಿಕೊಂಡಿರುತ್ತದೆ. ಕಡ್ಡಿಯನ್ನೇ ಕತ್ತರಿಸಿ ಕ್ಲ್ಯಾಂಪಿಗೆ ಸಿಕ್ಕಿಸಿ. ಸುತ್ತ, ಮುಖ್ಯವಾಗಿ ಕೆಳಗೆ, 10 ಸೆಂ.ಮೀ. ಖಾಲಿ ಜಾಗ ಇರಲೇಬೇಕು. ಇಳಿಬಿದ್ದ ರೆಕ್ಕೆ ಏನಕ್ಕಾದರೂ ತಾಗಿದರೆ ಮುದುಡಿದಂತೆಯೇ ಒಣಗಿ, ಚಿಟ್ಟೆ ಹಾರಲಾರದು.

ಬಹುತೇಕರು ಎಡವುವುದು ಫ್ರೇಮಿನಲ್ಲಿ. ಕೋಶ ಸುಮಾರು 3 ಸೆಂ.ಮೀ. ಉದ್ದ, ಬಿಚ್ಚಿದ ರೆಕ್ಕೆ 8–10 ಸೆಂ.ಮೀ. ಅಗಲ. ಕೋಶವನ್ನೇ ಪರದೆ ತುಂಬ ಹಿಡಿದರೆ ಚಿಟ್ಟೆ ಎರಡೇ ನಿಮಿಷದಲ್ಲಿ ಫ್ರೇಮಿನಾಚೆ ಇರುತ್ತದೆ. ಕೋಶ ಫ್ರೇಮಿನ ಕಾಲುಭಾಗವಷ್ಟೇ ಆವರಿಸಲಿ, ಚಿಟ್ಟೆ ಹತ್ತಿ ಹೋಗುವ ಮೇಲ್ಭಾಗದಲ್ಲೂ ಜಾಗ ಬಿಡಿ. ಎರಡನೇ ಕ್ಯಾಮೆರಾ ಇದ್ದರೆ ಅದನ್ನು ತಲೆಭಾಗಕ್ಕೆ ಹತ್ತಿರವಿಡಿ, ಬಿರುಕು ಬಿಡುವುದು ಅಲ್ಲೇ.

ಫುಲ್‌ಫ್ರೇಮ್ ಕ್ಯಾಮೆರಾದಲ್ಲಿ 1:1 ಅಳತೆಗೆ (ಸೆನ್ಸರಿನ ಮೇಲೆ ವಸ್ತು ನಿಜ ಗಾತ್ರದಲ್ಲೇ ಮೂಡುವಂತೆ) ಲೆನ್ಸಿನ ರಂಧ್ರವನ್ನು ಎಫ್/11ರಷ್ಟು ಕಿರಿದಾಗಿ ಇಟ್ಟರೂ ಸ್ಪಷ್ಟವಾಗಿ ಕಾಣುವ ಆಳ ಒಂದು ಮಿ.ಮೀ.ಗಿಂತ ತುಸು ಹೆಚ್ಚು, 1:2ಕ್ಕೆ (ಅರ್ಧ ಗಾತ್ರ) ಹತ್ತಿರ ಹತ್ತಿರ 4 ಮಿ.ಮೀ. ಹಾಗಾಗಿ ಲೆನ್ಸ್ ಕೋಶದ ಪಕ್ಕೆಗೆ ನೇರ ಎದುರಿರಲಿ. ಫೋಕಸ್ ಕೈಯಿಂದಲೇ ಇಡಿ. ಆಟೋಫೋಕಸ್ ಹಿನ್ನೆಲೆಯ ಎಲೆಗೆ ಓಡಿಹೋಗುತ್ತದೆ. ಫ್ಯಾನ್ ಬಂದ್.

ಬೆಳಕಿಗೆ ಕಿಟಕಿಯನ್ನು ನಂಬಬೇಡಿ, ಬೆಳಗಾಗುತ್ತಿದ್ದಂತೆ ಚಿತ್ರ ಬೆಳ್ಳಗಾಗುತ್ತದೆ. ಎರಡು ಎಲ್‌ಇಡಿ ದೀಪ, ಮುಂದೆ ಟ್ರೇಸಿಂಗ್ ಪೇಪರ್ ಸಾಕು. ಸೆಕೆಂಡಿಗೆ 25 ಫ್ರೇಮು, ಶಟರ್ 1/50 ಸೆಕೆಂಡ್. ನಮ್ಮ ವಿದ್ಯುತ್ 50 ಹರ್ಟ್ಸ್ ಆದ್ದರಿಂದ 1/60 ಇಟ್ಟರೆ ಅಗ್ಗದ ಬಲ್ಬುಗಳಲ್ಲಿ ಪಟ್ಟೆ ಮಿನುಗುತ್ತದೆ. ಬಣ್ಣ ಬದಲಾಗದಂತೆ ವೈಟ್ ಬ್ಯಾಲೆನ್ಸ್ ಲಾಕ್ ಮಾಡಿ.

ಇನ್ನು ಕಾಯುವ ಲೆಕ್ಕ. ಬೆಚ್ಚಗಿನ ದಿನಗಳಲ್ಲಿ ಕೋಶದ ಅವಧಿ ಸುಮಾರು 8–10 ದಿನ, ಚಳಿಯಲ್ಲಿ ಇನ್ನೂ ಹೆಚ್ಚು. ದಿನ ಎಣಿಸುವುದಕ್ಕಿಂತ ಬಣ್ಣ ನೋಡಿ: ಸಿಪ್ಪೆ ತೆಳುವಾಗಿ ಒಳಗಿನ ಕಪ್ಪು ರೆಕ್ಕೆ, ಹಳದಿ ಚುಕ್ಕೆ ಕಂಡರೆ ಸಾಮಾನ್ಯವಾಗಿ ಮಾರನೇ ಬೆಳಿಗ್ಗೆಯೇ ಒಡೆಯುತ್ತದೆ. ನಸುಕಿಗೇ ರೆಕಾರ್ಡಿಂಗ್ ಶುರುವಾಗಲಿ. 100 ಎಂಬಿಪಿಎಸ್‌ನಲ್ಲಿ (ಸೆಕೆಂಡಿಗೆ 100 ಮೆಗಾಬಿಟ್) ಗಂಟೆಗೆ 45 ಜಿಬಿ ಬೇಕು, ಕಾರ್ಡನ್ನು ರಾತ್ರಿಯೇ ಖಾಲಿ ಮಾಡಿ. ಅರ್ಧ ಗಂಟೆಗೆ ತಾನೇ ನಿಲ್ಲುವ ಕ್ಯಾಮೆರಾಗಳೂ ಇವೆ, ಅಲಾರಂ ಇಟ್ಟುಕೊಳ್ಳಿ.

ಸಿಪ್ಪೆಯಿಂದ ಹೊರಬೀಳಲು ಒಂದೆರಡು ನಿಮಿಷ ಸಾಕು, ಅದನ್ನು ಇದ್ದ ವೇಗದಲ್ಲೇ ತೋರಿಸಿ. ರೆಕ್ಕೆ ಬಿಚ್ಚಿಕೊಳ್ಳುವ 20 ನಿಮಿಷವನ್ನು 50 ಪಟ್ಟು ವೇಗಕ್ಕೆ ಏರಿಸಿದರೆ 24 ಸೆಕೆಂಡಿನಲ್ಲಿ ಮುಗಿಯುತ್ತದೆ.